ಬಾಗಿಲೊಳಗಿನ ಹೊಳೆ

೧

ಈ ಕಥೆಯನ್ನು ಎಲ್ಲಿಂದ ಬಿಚ್ಚಬೇಕೋ ತಿಳಿಯುತ್ತಿಲ್ಲ. ನಮ್ಮ ಕಡೆ ಕಟ್ಟೆಯ ಮೇಲೆ ಕೂತು ಕಥೆ ಹೇಳುವವರು ಮೊದಲು ಶಿವನನ್ನು ನೆನೆದು, ಆಮೇಲೆ ಊರಿನ ಹೆಸರು ಎತ್ತುತ್ತಿದ್ದರು. ಶಿವನನ್ನು ನೆನೆದೆ. ಊರೂ ಇದೆ: ನಾರ್ತ್ ಕೆರೊಲಿನಾದ ಕ್ಯಾರಿ. ಆದರೆ ‘ಒಂದಾನೊಂದು ಕಾರಿನ ಬಾಗಿಲು’ ಎಂದರೆ ಯಾರು ಕೂತು ಕೇಳುತ್ತಾರೆ?

ಆಗಲಿ. ಕಾರಿನ ಬಾಗಿಲಿಗೂ ಒಂದು ಮೊದಲಿದೆ. ಒಳಗಡೆಯ ಹಿಡಿಯ ಹಿಂದೆ ಉಗುರಗಲದ ಪ್ಲಾಸ್ಟಿಕ್ ಮುಚ್ಚಳ, ಅದರಡಿ ಒಂದು ಸ್ಕ್ರೂ. ಹುಡುಕಿದವರಿಗೆ ಮಾತ್ರ ಸಿಗಲಿ ಎಂದು ಅಡಗಿಸಿಟ್ಟಿರುತ್ತಾರೆ. ಅಲ್ಲಿಂದಲೇ ಹಿಡಿಯೋಣ.

೨

೨೦೨೪ರ ಏಪ್ರಿಲ್, ಒಂದು ಶನಿವಾರದ ಮುಂಜಾನೆ. ಪೈನ್ ಮರಗಳು ಹಳದಿ ಪುಡಿ ಉದುರಿಸಿ, ಡ್ರೈವ್‌ವೇಯಲ್ಲಿ ನಿಂತ ಕಾರಿಗೆ ಮದುಮಗನಂತೆ ಅರಿಶಿನ ಹಚ್ಚಿವೆ. ಐವತ್ತೆರಡರ ಎಂಜಿನಿಯರ್ ಗುರುಸಿದ್ದಪ್ಪ ಮುಂದಿನ ಬಲಬಾಗಿಲ ಎದುರು ಯೋಗಾ ಮ್ಯಾಟ್ ಹಾಸಿಕೊಂಡು ಮಂಡಿಯೂರಿದ್ದಾನೆ. ಆ ಬಾಗಿಲಿನ ಗಾಜು ಇಳಿಯುವುದಿಲ್ಲ. ಸಾಲದ್ದಕ್ಕೆ, ತಿರುವು ಬಂದಾಗಲೆಲ್ಲ ಒಳಗೆ ಏನೋ ಝಲ್ಲೆನ್ನುತ್ತದೆ. ಎರಡು ವರ್ಷದಿಂದ.

“ಅಲ್ರೀ, ನಾ ಮಂದಿ ಹೊಟ್ಟಿ ಕೊಯ್ಯೂಮುಂದನೂ ಇಷ್ಟ್ ವಿಡಿಯೋ ನೋಡಿಲ್ಲ,” ಎಂದಳು ಚಹಾ ತಂದ ಹೆಂಡತಿ ಸಿದ್ದೇಶ್ವರಿ. ಅವಳು ಸರ್ಜನ್.

“ಪೇಷಂಟಿಗೆ ಈ ಬಾಗಿಲಿನಂಗ ಕ್ಲಿಪ್ ಇರಂಗಿಲ್ಲಲಾ.”

“ಇರ್ತಾವ. ನಾವು ಎಣಿಸಿ ಇಡ್ತೀವಿ. ನೀವೂ ಎಣಿಸಿ ಇಡ್ರಿ.”

೩ (ಕೈಬಿಟ್ಟದ್ದು)

‘ತೀರಿಹೋದ ಅಕ್ಕನ ಫೋಟೋಕ್ಕೆ ಕೈಮುಗಿದು ಗುರುಸಿದ್ದಪ್ಪ ಸ್ಕ್ರೂಡ್ರೈವರ್ ಎತ್ತಿಕೊಂಡ...’

ಇಷ್ಟು ಬರೆಯುವಷ್ಟರಲ್ಲಿ ಅವನು ಸ್ಕ್ರೂಡ್ರೈವರ್ ಕೆಳಗಿಟ್ಟುಬಿಟ್ಟ.

“ಏನ್ರೀ ಕಥಿಗಾರ್ರ, ನಮ್ಮ ಶಾಂತಕ್ಕನ್ನ ಯಾಕ ಕೊಂದ್ರಿ? ನಿನ್ನೆ ಫೋನಿನ್ಯಾಗ ಮಾತಾಡ್ಯಾಳ.”

“ಇದು ನೆನಪಿನ ಕಥೆ, ಗುರುಸಿದ್ದಪ್ಪ. ಒಬ್ಬರಾದರೂ ಇಲ್ಲವಾಗಿದ್ದರೆ ಓದುವವರ ಕಣ್ಣು...”

“ಕಣ್ಣೀರು ಬೇಕಂದ್ರ ಉಳ್ಳಾಗಡ್ಡಿ ಹೆಚ್ಚಲಿ. ನಮ್ಮಕ್ಕನ್ನ ಎಬ್ಬಸ್ರಿ.”

(ತಪ್ಪಾಯಿತು, ಶಿವನೇ. ಎಬ್ಬಿಸಿದ್ದೇನೆ.)

೩

ಶಾಂತಾಬಾಯಿ ಬದುಕಿದ್ದಾಳೆ. ಮಲಪ್ರಭೆಯ ದಂಡೆಯ ಊರಿನಲ್ಲಿ, ತುಂಬಿದ ಮನೆಯಲ್ಲಿ, ಎಲ್ಲರ ಮೇಲೂ ಅಧಿಕಾರ ನಡೆಸಿಕೊಂಡು. ತಾಯಿಯಿಲ್ಲದ ತಮ್ಮನನ್ನು ಬೆಳೆಸಿದವಳು ಅವಳೇ. ಅವನಿಗೆ ಆರು ವರ್ಷವಾಗಿದ್ದಾಗ ಶಾಲೆಗೆ ಸೇರಿಸಲು ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದಳು. ಆ ಬಸ್ಸಿನ ಕಿಟಕಿಗಳಿಗೆ ಗಾಜೇ ಇರಲಿಲ್ಲ. ಹೊಳೆಯ ಸೇತುವೆ ಬಂದದ್ದೇ ಬಸ್ಸಿಗೆ ಬಸ್ಸೇ ಕೈಮುಗಿಯಿತು. ಅಕ್ಕ ಸೆರಗಿನ ಗಂಟು ಬಿಚ್ಚಿ, ಒಂದು ನಾಣ್ಯ ತೆಗೆದು ಅವನ ಅಂಗೈಗಿಟ್ಟು, ತನ್ನ ಕೈಯಿಂದ ಅವನ ಕೈ ಹಿಡಿದು ಬೀಸಿಸಿದಳು. “ಗಂಗವ್ವಾ, ನಮ್ಮ ಗುರಸಿದ್ದನ್ನ ದಾಟಸು.” ನಾಣ್ಯ ನೀರಿಗೆ ಬಿದ್ದ ಸಪ್ಪಳ ಕೇಳಿಸಿತೆಂದು ಅವನು ಇವತ್ತಿಗೂ ಪ್ರಮಾಣ ಮಾಡುತ್ತಾನೆ. (ಅಷ್ಟೆತ್ತರದಿಂದ, ಓಡುವ ಬಸ್ಸಿನೊಳಗೆ, ಸಾಧ್ಯವಿಲ್ಲ. ತಿದ್ದಲು ಹೋದೆ, ಬಿಡಲಿಲ್ಲ.)

೨೦೨೨ರಲ್ಲಿ ಆರು ತಿಂಗಳಿಗೆಂದು ಅಕ್ಕ ಕ್ಯಾರಿಗೆ ಬಂದಳು. ಪಕ್ಕದ ರಾಜ್ಯದ ಲಾರೆನ್ಸ್‌ವಿಲ್‌ನಲ್ಲಿ ಚಿಕ್ಕಪ್ಪನ ಮಗ ಬಸವಕುಮಾರನ ಮನೆ. ಅಲ್ಲಿಗೆ ಮೊದಲ ಸಲ ಹೊರಟಾಗ, ಕಟಾಬ ನದಿಯ ಹೆದ್ದಾರಿ ಸೇತುವೆಯ ಮೇಲೆ, ಎರಡು ಟ್ರಕ್ಕುಗಳ ನಡುವೆ ಅಕ್ಕ ಸೆರಗಿನ ಗಂಟಿಗೆ ಕೈಹಾಕಿದಳು.

“ತಮ್ಮಾ, ಹೊಳಿ ಬಂತು. ಗಾಜ್ ಇಳಸು.”

“ಅಕ್ಕಾ, ಇದು ಇಂಟರ್‌ಸ್ಟೇಟ್! ಏನರೆ ಒಗದ್ರ ಪೊಲೀಸ್ ಹಿಡೀತಾನ. ಇದೇನ್ ನಿಮ್ಮೂರ ಬಸ್ಸಂತ ತಿಳಿದೀಯೇನು?”

ಅಕ್ಕ ಮುಷ್ಟಿ ಮುಚ್ಚಿಕೊಂಡಳು. ಒಂದು ಮೈಲು ಕಳೆದ ಮೇಲೆ ಇಷ್ಟೇ ಅಂದಳು: “ನಿಮ್ಮೂರ ಅಂದಿ.”

ಮುಗಿಯಿತು. ಆಮೇಲೆ ನಾಲ್ಕೈದು ಸಲ ಅದೇ ದಾರಿಯಲ್ಲಿ ಹೋಗಿಬಂದರೂ ಅವಳು ಗಾಜಿನ ಮಾತೆತ್ತಲಿಲ್ಲ. ಸೇತುವೆ ಬಂದಾಗ ಗಾಜಿನ ಅಂಚಿಗೆ ಕೈಯಿಟ್ಟು ಹೊರಗೆ ನೋಡುತ್ತಿದ್ದಳು. ಮುನಿಸು ಎಂದುಕೊಂಡ. ಊರಿಗೆ ಮರಳಿದ ಮೇಲೆ ಫೋನಿನಲ್ಲಿ ಪ್ರತಿ ಸಲವೂ ಅವಳ ಮೊದಲ ಮಾತು, “ನಿಮ್ಮೂರಾಗ ಮಳಿ ಆತೇನು?” ಆ ‘ನಿಮ್ಮೂರು’ ಅವನಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು.

ಬಾಗಿಲನ್ನು ಎರಡು ವರ್ಷ ಯಾಕೆ ಬಿಚ್ಚಲಿಲ್ಲ ಎಂದು ಕೇಳಿದೆ.

“ಅಕ್ಕ ಕೂಡ್ತಿದ್ದ ಸೀಟಿನ ಕಡಿಂದ ಏನರೆ ಸಪ್ಪಳ ಬರತಿತ್ತಲ್ರೀ,” ಎಂದ. “ಆಫೀಸಿಗೆ ಒಬ್ಬನ ಹೋಗೂಮುಂದ.”

ಮತ್ತೆ ಈಗ ಯಾಕೆ? ಗಾಜಿಗಾಗಿ ಎಂದು ಅವನೆನ್ನುತ್ತಾನೆ. ನನಗೆ ನಂಬಿಕೆಯಿಲ್ಲ.

೪

ಸ್ಕ್ರೂ ಬಂತು. ಕೆಳಗಿನ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮೀಟಿದ. ಟಪ್. ಟಪ್. ಕ್ಲಿಪ್ಪುಗಳು ಒಂದೊಂದಾಗಿ ಬಿಟ್ಟುಕೊಂಡವು. ಬಾಗಿಲಿನ ಇಡೀ ಒಳಹಲಗೆಯನ್ನು ಮೇಲಕ್ಕೆತ್ತಿ, ಸ್ವಿಚ್ಚಿನ ವೈರು ಬಿಡಿಸಿ, ಗೋಡೆಗೆ ಒರಗಿಸಿದ. ಅದರ ಹಿಂದೆ ಕರಿಯ ಅಂಟಿನಿಂದ ಮೆತ್ತಿದ ಪ್ಲಾಸ್ಟಿಕ್ ಹಾಳೆ. ಅದನ್ನು ಮೆಲ್ಲಗೆ ಸುಲಿದು, ಕಬ್ಬಿಣದ ಹೊಟ್ಟೆಯೊಳಗೆ ಟಾರ್ಚ್ ಬಿಟ್ಟ.

ನಾಣ್ಯಗಳು.

ಊರಿನಿಂದ ಗಂಟು ಕಟ್ಟಿ ತಂದ ರೂಪಾಯಿಗಳು; ಅವು ತೀರಿದ ಮೇಲೆ ಇಲ್ಲಿನ ಕಾಲು ಡಾಲರಿನ ಕ್ವಾರ್ಟರ್‌ಗಳು. ಅವುಗಳ ಮೇಲೆ ಇನ್ನೂ ಕುಂಕುಮದ ಕಲೆ. ಒಂದು ನಾಣ್ಯ ಗಾಜು ಜಾರುವ ಹಳಿಯಲ್ಲೇ ಸಿಕ್ಕಿಕೊಂಡಿತ್ತು. (ಎಷ್ಟಿದ್ದವು ಎಂದು ಕೇಳಬೇಡಿ. ಹೊಳೆಗೆ ಹಾಕಿದ್ದನ್ನು ಎಣಿಸಬಾರದು.)

ಗುರುಸಿದ್ದಪ್ಪನಿಗೆ ಒಂದು ಮಳೆ ನೆನಪಾಯಿತು. ಮುನಿಸಿನ ಅದೇ ಪ್ರಯಾಣ, ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿದ್ದರು. ಅಕ್ಕ ಗಾಜಿನ ಬುಡದ ಸಂದಿಯನ್ನೇ ದಿಟ್ಟಿಸುತ್ತ, “ಇದರಾಗ ಹೊಕ್ಕ ನೀರು ಎಲ್ಲಿಗ್ ಹೋಗ್ತೈತೋ?” ಎಂದು ಕೇಳಿದ್ದಳು. ಅಂತೂ ಮಾತಾಡಿದಳಲ್ಲ ಎಂಬ ಹಿಗ್ಗಿನಲ್ಲಿ ಅವನು ಎಂಜಿನಿಯರಾಗಿಬಿಟ್ಟಿದ್ದ: “ಬಾಗಿಲಾ ಕೆಳಗ ತೂತ ಇರ್ತಾವಕ್ಕಾ. ಅಲ್ಲಿಂದ ರಸ್ತೆಕ್ಕ, ರಸ್ತೆಯಿಂದ ಹಳ್ಳಕ್ಕ, ಹಳ್ಳದಿಂದ ಸೀದಾ ಹೊಳಿಗೆ.”

೫

ಊರಿನಲ್ಲಿ ದೀಪ ಹಚ್ಚುವ ಹೊತ್ತು. ಅಕ್ಕ ಫೋನು ಎತ್ತಿದಳು.

“ನಿಮ್ಮೂರಾಗ ಮಳಿ ಆತೇನು?”

“ಅಕ್ಕಾ, ಕಾರಿನ ಬಾಗಿಲಾ ಬಿಚ್ಚೀನಿ.”

ಆ ಕಡೆಯಿಂದ ಕಿಸಕ್ಕನೆ ನಗು. “ಸಿಕ್ವೇನು?”

“ಒಂದೂ ಹೊಳಿಗೆ ಮುಟ್ಟಿಲ್ಲವ್ವಾ. ತೂತ ಸಣ್ಣಾವು.”

“ನೀನ ಹೇಳಿದ್ಯಲ್ಲೋ ಇಂಜನೇರಾ, ಸೀದಾ ಹೊಳಿಗೆ ಅಂತ!”

“ನೀರಿನ ಮಾತು ಹೇಳಿದ್ದೆ.”

“ನಾ ನಿನ್ ಮಾತು ನಂಬಿದ್ದೆ.”

“ನಾ ಹಂಗ ಬೈದಮ್ಯಾಲೂ ಯಾಕ ಹಾಕ್ತಿದ್ದಿ?”

“ಗಾಡಿ ಹೊಡ್ಯಾಂವ ಯಾರಿದ್ದ? ನೀನ ಅಲ್ಲೇನೋ ಹುಚ್ಚಪ್ಪಾ? ಮತ್ತ ಯಾರನ್ನ ದಾಟಸಂತ ಬೇಡ್ಕೊಳ್ಲಿ?”

“ಅಕ್ಕಾ, ಅವತ್ತು ನಾ ನಿಮ್ಮೂರ ಅಂದಿದ್ದು...”

“ಅದನ್ನೇನು ಅಗೀತಿ ಈಗ. ಹೋಗು, ಮುಟ್ಟಿಸಿ ಬಾ. ಎರಡ ವರ್ಷ ಆತು, ನಮ್ಮೂರ ಹೊಳಿ ಹಾದಿ ಕಾಯಾಕತ್ತಾಳ.”

“ಮಲಪ್ರಭಾಗೇನು? ಊರಿಗೆ ಬಂದಾಗ...”

“ಆಕಿ ಯಾಕೋ? ಕಟಾಬವ್ವ.”

೬

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಾಣ್ಯಗಳು ಇನ್ನೂ ಯೋಗಾ ಮ್ಯಾಟಿನ ಮೇಲಿವೆ. ಅವನ ಮುಂದೆ ಎರಡು ಮುಕ್ತಾಯಗಳನ್ನಿಟ್ಟೆ.

ಮೊದಲನೆಯದರಲ್ಲಿ ಅವನು ಸೇತುವೆಯ ಮೇಲೆ ಗಾಜು ಇಳಿಸಿ ಎಲ್ಲವನ್ನೂ ಎಸೆಯುತ್ತಾನೆ. “ಸಪ್ಪಳ ಹೋಗ್ತೈತಿ,” ಎಂದ. ಎರಡನೆಯದರಲ್ಲಿ ಎಲ್ಲವನ್ನೂ ಮರಳಿ ಬಾಗಿಲೊಳಗೆ ಸುರಿದು ಹಲಗೆ ಮುಚ್ಚುತ್ತಾನೆ. “ಗಾಜು ಸಿಗಬೀಳ್ತೈತಿ. ಮತ್ತ ಅಕ್ಕ ಕೇಳಿದ್ರ?”

“ಹಾಗಾದರೆ ನಿನಗೇನು ಬೇಕು?”

“ಗಾಜೂ ಇಳೀಬೇಕು, ಸಪ್ಪಳಾನೂ ಉಳೀಬೇಕು.”

ಅಂಥ ಮುಕ್ತಾಯ ನನ್ನ ಜೋಳಿಗೆಯಲ್ಲಿಲ್ಲ ಎಂದೆ. ಅವನು ನನ್ನ ಕಡೆ ಬೆನ್ನು ತಿರುಗಿಸಿ ಹಾಳೆ ಅಂಟಿಸಿದ, ವೈರು ಸಿಕ್ಕಿಸಿದ, ಹಲಗೆ ಕೂರಿಸಿ ಅಂಗೈಯಿಂದ ಗುದ್ದಿದ. ಕೊನೆಗೆ ನೆಲದ ಮೇಲೆ ಒಂದು ಕ್ಲಿಪ್ ಉಳಿಯಿತು.

“ಎಣಿಸಿ ಇಡ್ರಿ ಅಂದಿದ್ನಿಲ್ಲೋ?” ಎಂದಳು ಸಿದ್ದೇಶ್ವರಿ.

ಅದು ಯಾವ ತೂತಿನದೋ ಅವನಿಗೂ ತಿಳಿಯದು, ನನಗೂ ತಿಳಿಯದು.

ಸ್ವಿಚ್ ಒತ್ತಿದ. ಗಾಜು ಇಳಿಯಿತು. ಪೈನಿನ ಅರಿಶಿನ ಅಕ್ಕನ ಸೀಟಿನ ಮೇಲೆ ತೆಳುವಾಗಿ ಬಂದು ಕೂತಿತು. ಸಿದ್ದೇಶ್ವರಿ ಆಸ್ಪತ್ರೆಗೆ ಹೊರಟಳು. ಅವನು ನಾಣ್ಯಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಕಾರು ಹತ್ತಿದ. ಕಟಾಬಕ್ಕೆ ಸುಮಾರು ಮೂರು ತಾಸಿನ ಹಾದಿ. ಮೊದಲ ತಿರುವಿನಲ್ಲೇ ಜೇಬು ಝಲ್ಲೆಂದಿತು.

ನಾನು ಇಲ್ಲಿಯೇ ಇಳಿದುಕೊಳ್ಳುತ್ತೇನೆ. ಪೂಜೆಗೆ ಹೊತ್ತಾಯಿತು. ಮುಂದಿನ ಸೀಟು ಖಾಲಿಯಿದೆ, ನೀವು ಕೂತುಕೊಳ್ಳಿ. ಟ್ರಕ್ಕುಗಳ ನಡುವೆ ಅವನಿಗೆ ನೀರು ಕಾಣಲಿಕ್ಕಿಲ್ಲ. ಹೊಳೆ ಬಂದಾಗ ಏನು ಹೇಳಬೇಕೆಂದು ನಿಮಗೆ ಗೊತ್ತಿದೆ.