ಹೊರಚಿಲಕ

ಬಡಿಗೇರ ಕಾಳಪ್ಪ ಯಾರ ಮನೆಗೆ ಹೋದರೂ ಮೊದಲು ವಿಚಾರಿಸಿಕೊಳ್ಳುತ್ತಿದ್ದುದು ಬಾಗಿಲುಗಳನ್ನು. ಮನುಷ್ಯರ ಸರದಿ ಆಮೇಲೆ. ಕೊಟ್ಟೂರಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಹತ್ತಿ ವ್ಯಾಪಾರದ ಗುರುಸಂಗಪ್ಪನ ಮನೆಯಂತೂ ಅವನಿಗೆ ಚೆನ್ನಾಗಿ ಪರಿಚಯ. ನಡುಮನೆಗೆ ಮುತ್ತಜ್ಜನ ಕಾಲದ ಬಾಗಿಲು: ದಪ್ಪ ತೇಗ, ಅಂಗೈಯಗಲದ ಸಣ್ಣ ಸಣ್ಣ ಹಲಗೆಗಳು, ಹಿತ್ತಾಳೆ ಹೂವು, ಒಳಗೆ ಮರದ ಅಗಳಿ. ಪಡಸಾಲೆಯ ಕೋಣೆಗಳ ಬಾಗಿಲುಗಳನ್ನು ಅಜ್ಜ ಬಳ್ಳಾರಿಯಲ್ಲಿ ದೊರೆಗಳ ಬಂಗಲೆ ನೋಡಿ ಬಂದು ಮಾಡಿಸಿದ್ದ. ಉದ್ದನೆಯ ಹಲಗೆ, ನಡುವೆ ಉಬ್ಬು, ಕಬ್ಬಿಣದ ಚಿಲಕ. ಗುರುಸಂಗಪ್ಪನ ಕಾಲಕ್ಕೆ ಪ್ಲೈವುಡ್ ಬಂದಿತ್ತು. ಅದನ್ನು ಬಾಗಿಲು ಅನ್ನಲು ಕಾಳಪ್ಪನಿಗೆ ಬಾಯಿ ಬರುತ್ತಿರಲಿಲ್ಲ.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಗುರುಸಂಗಪ್ಪನ ತಾಯಿ ಗುರುಬಸಮ್ಮ ಅವನನ್ನು ಕರೆಸಿದಳು. ಹಿಂದಿನ ಕಾಳಿನ ಕೋಣೆಗೆ ಬಾಗಿಲು ಬೇಕಿತ್ತು.

"ಪ್ಲೈವುಡ್ ಬ್ಯಾಡ. ಅಜ್ಜಾರ ಕಾಲದ್ದಿದ್ದಂಗ ಗಟ್ಟಿ ಇರಬೇಕು. ಚಿಲಕ ಹೊರಗ ಹಾಕು."

"ಹೊರಗೂ ಒಂದು ಹಾಕ್ತೀನ್ರಿ, ಅಮ್ಮಾರ."

"ಹೊರಗ ಅಷ್ಟ. ಒಳಗ ಬ್ಯಾಡ. ಬಸಲಿಂಗಿ ಮಲಗೋ ಕೋಣಿ ಅದು."

ಬಸಲಿಂಗಮ್ಮ ಆ ಮನೆಯ ಸೊಸೆ, ಗುರುಸಂಗಪ್ಪನ ಹೆಂಡತಿ. ಗಂಡನ ಹೊಡೆತ ತಾಳಲಾರದೆ ಮೂರು ಸಲ ಹಡಗಲಿಯ ತವರಿಗೆ ಓಡಿಹೋಗಿದ್ದಳು. ಮೂರು ಸಲವೂ ಅವಳಪ್ಪನೇ ಬಸ್ಸಿನಲ್ಲಿ ಕೂರಿಸಿಕೊಂಡು ಬಂದು, ಬೀಗರಿಗೆ ಕೈಮುಗಿದು, ಬಿಟ್ಟು ಹೋಗಿದ್ದ. ಅವಳಿಗೆ ತಲೆ ಸರಿಯಿಲ್ಲವೆಂದು ಓಣಿಯಲ್ಲಿ ಹಬ್ಬಿಸಿಯಾಗಿತ್ತು. ಹೊಡೆಯುವವನ ತಲೆ ಸರಿಯಿತ್ತಂತೆ!

ಕಾಳಪ್ಪ ಆಗುವುದಿಲ್ಲ ಅನ್ನಬೇಕಿತ್ತು, ಅನ್ನಲಿಲ್ಲ. ಅಪ್ಪನ ಕಾಲದಿಂದ ಕೆಲಸ ಕೊಟ್ಟ ಮನೆ. ಅಲ್ಲದೆ ತಾನು ಒಲ್ಲೆನೆಂದರೆ ಹರಪನಹಳ್ಳಿಯಿಂದ ಇನ್ನೊಬ್ಬ ಬರುತ್ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಮರ ಕೊಯ್ಯಲು ಕೂತಾಗ ಆ ಕೋಣೆಯೇ ಕಣ್ಣಮುಂದೆ ಬಂತು. ಆಗಲೇ ಒಂದು ಉಪಾಯ ಹೊಳೆಯಿತು.

ಹಳೆಯ ಬಾಗಿಲಲ್ಲಿ ಚೌಕಟ್ಟಿಗೆ ಸೀಳು ಕೊರೆದು ಹಲಗೆಯನ್ನು ಅದರೊಳಗೆ ಕೂರಿಸಿರುತ್ತಾರೆ. ಇಡೀ ಬಾಗಿಲನ್ನು ಬಿಚ್ಚದೆ ಹಲಗೆ ಬರುವುದಿಲ್ಲ. ಈಗಿನ ಅಗ್ಗದ ಬಾಗಿಲಿಗೆ ಅಷ್ಟು ತಾಳ್ಮೆ ಯಾರಿಗಿದೆ? ಹಲಗೆಯನ್ನು ಒಂದು ಬದಿಯಿಂದ ಇಟ್ಟು, ಸುತ್ತ ತೆಳು ಪಟ್ಟಿ ಹೊಡೆದುಬಿಟ್ಟರೆ ಮುಗಿಯಿತು. ಪಟ್ಟಿ ಕಿತ್ತರೆ ಹಲಗೆ ಕೈಗೆ ಬರುತ್ತದೆ. ಕಾಳಪ್ಪ ಮೇಲಿನ ಹಲಗೆಗಳನ್ನೆಲ್ಲ ಅಜ್ಜನ ಕಾಲದವರಂತೆ ಸೀಳಿನಲ್ಲಿ ಕೂರಿಸಿದ. ಕೆಳಗಿನ ದೊಡ್ಡ ಹಲಗೆಗೆ ಮಾತ್ರ ಪಟ್ಟಿ ಹೊಡೆದ, ಅದೂ ಒಳಬದಿಗೆ, ಸಣ್ಣ ಮೊಳೆಗಳಿಂದ. ಹೊರಗೆ ನಿಂತು ನೋಡಿದರೆ ಎಲ್ಲವೂ ಒಂದೇ. ಒಳಗಿದ್ದವರು ಸೌಟಿನ ಹಿಡಿಯಿಂದ ಮೀಟಿದರೂ ಸಾಕು, ತೆಳ್ಳನೆಯ ಹೆಣ್ಣುಮಗಳೊಬ್ಬಳು ನುಸುಳುವಷ್ಟು ಜಾಗ ತೆರೆಯುತ್ತಿತ್ತು.

ಬಾಗಿಲು ಕೂರಿಸುವ ದಿನ ಗುರುಬಸಮ್ಮ ಪಕ್ಕದಿಂದ ಕದಲಲಿಲ್ಲ. ಕಾಳಪ್ಪ ಕೋಣೆಯೊಳಗಿದ್ದ ಬಸಲಿಂಗಮ್ಮನ ಮುಖ ನೋಡಿ ಆ ಪಟ್ಟಿಯನ್ನು ಬೆರಳಿನಿಂದ ತಟ್ಟಿದ. ಅವಳಿಗೆ ಅದು ಕಂಡಿತೋ ಇಲ್ಲವೋ ತಿಳಿಯಲಿಲ್ಲ.

ಆಮೇಲೆ ಅವನು ಸುದ್ದಿಗೆ ಕಾದ. ಚಹಾದಂಗಡಿಯಲ್ಲಿ ಯಾರು ಗುರುಸಂಗಪ್ಪನ ಹೆಸರೆತ್ತಿದರೂ ಕಿವಿ ನಿಮಿರುತ್ತಿತ್ತು. ಸೊಸೆ ಓಡಿಹೋದಳೆಂದು ಯಾರೂ ಹೇಳಲಿಲ್ಲ. ಅಷ್ಟು ಮಾಡಿಕೊಟ್ಟರೂ ಕಾಣಲಿಲ್ಲವೇ ಈ ಹುಡುಗಿಗೆ ಎಂದು ಅವಳ ಮೇಲೆಯೇ ಸಿಟ್ಟು ಬರುತ್ತಿತ್ತು.

ಮಳೆಗಾಲದಲ್ಲಿ ಬಾಗಿಲು ಉಬ್ಬಿಕೊಂಡು ಬಿಗಿಯಾಯಿತೆಂದು ಮತ್ತೆ ಕರೆ ಬಂತು. ಕಾಳಪ್ಪ ಉಜ್ಜುಗೊರಡು ಹಿಡಿದು ಹೋದ. ಅಂಗಳದಲ್ಲಿ ಯಾರೋ ಕೂಗಿದರೆಂದು ಗುರುಬಸಮ್ಮ ಎದ್ದು ಹೋದಳು. ಕಾಳಪ್ಪ ಥಟ್ಟನೆ ಬಗ್ಗಿ ನೋಡಿದ. ಪಟ್ಟಿ ಸೊಟ್ಟಗಿತ್ತು. ಮೊಳೆಯ ತಲೆಗಳು ಕಲ್ಲಿನಿಂದ ಬಡಿದಂತೆ ಬಾಗಿದ್ದವು.

"ಕಂಡಿತ್ತು, ಕಾಕಾ," ಎಂದಳು ಕೋಣೆಯೊಳಗೆ ನಿಂತಿದ್ದ ಬಸಲಿಂಗಮ್ಮ. ಕೆನ್ನೆಯ ಮೇಲೆ ಹಸಿ ಗಾಯವಿತ್ತು. "ಇವರೆಲ್ಲ ಮದುವಿಗೆ ಹೋದಾಗ ಕಿತ್ತಿದ್ದೆ. ಬಸ್ ಸ್ಟ್ಯಾಂಡಿನ ತನಕಾನೂ ಹೋದೆ. ಹಡಗಲಿ ಬಸ್ಸು ನಿಂತಿತ್ತು. ಹತ್ತಿದ್ರ ಅಪ್ಪ ಮತ್ತ ಕರಕೊಂಡು ಬರ್ತಾನ. ಬ್ಯಾರೆ ಯಾವ ಬಸ್ಸು ಹತ್ತಲಿ? ಹಿತ್ತಲಿಂದ ಹೊಳ್ಳಿ ಬಂದು, ಒಳಗ ನುಸುಳಿ, ನಾನ ಪಟ್ಟಿ ಬಡದು ಕೂಡ್ರಿಸಿದೆ."

ಹೊರಗೆ ಬೀಳುವ ದಾರಿಯನ್ನಷ್ಟೇ ಕಾಳಪ್ಪ ಯೋಚಿಸಿದ್ದ.

"ಗಟ್ಟಿ ಮಾಡಿ ಹೋಗ್ರಿ. ಅದು ಸಡಿಲ ಐತಿ ಅಂತ ಗೊತ್ತಿದ್ರ ನನಗ ಈ ಮನ್ಯಾಗ ಇರಾಕ ಆಗವಲ್ದು."

"ನಮ್ಮನಿಗೆ ಬಾರವ್ವ," ಎಂದ ಕಾಳಪ್ಪ. ಹೇಳಿಯೇಬಿಟ್ಟೆನಲ್ಲ ಎಂದು ಅವನಿಗೇ ಗಾಬರಿಯಾಯಿತು. "ನಮ್ಮಾಕಿ ನಾಗಕ್ಕ ಅದಾಳ. ಮಗಳಂಗ ನೋಡಿಕೊಂತಾಳ."

"ಎಷ್ಟು ದಿನಕ್ಕ, ಕಾಕಾ?"

ಅವಳ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು. ಕಾಳಪ್ಪ ಯೋಚಿಸಿದ. ಮೊದಲ ದಿನ ಹೆಂಡತಿ ನಾಗಕ್ಕ ಬಿಸಿರೊಟ್ಟಿ ಬಡಿಸುತ್ತಾಳೆ. ಮರುದಿನ ಗುರುಸಂಗಪ್ಪ ಮಂದಿ ಕಟ್ಟಿಕೊಂಡು ಬಂದು ಅಂಗಳದಲ್ಲಿ ನಿಲ್ಲುತ್ತಾನೆ. ಅದರಾಚೆ? ಅವನ ಎದುರು ನಿಂತು ಆಗುವುದಿಲ್ಲ ಅನ್ನುವ ಎದೆ ಇದ್ದಿದ್ದರೆ ಈ ಬಾಗಿಲನ್ನೇ ಮಾಡುತ್ತಿರಲಿಲ್ಲ.

ಅವನು ಇಕ್ಕಳದಿಂದ ಬಾಗಿದ ಮೊಳೆಗಳನ್ನು ಕಿತ್ತ.

"ಏನ್ ನಡದೈತಿ ಅಲ್ಲಿ?" ಅಂಗಳದಿಂದ ಗುರುಬಸಮ್ಮನ ದನಿ ಬಂತು.

"ಪಟ್ಟಿ ಸಡಿಲಾಗೇತ್ರಿ ಅಮ್ಮಾರ, ಬಿಗಿ ಮಾಡಾಕತ್ತೀನಿ."

ಕಾಳಪ್ಪ ಸುತ್ತಿಗೆ ತೆಗೆದ. ಬಸಲಿಂಗಮ್ಮ ಅವನ ಚೀಲದಲ್ಲಿ ಕೈಯಾಡಿಸಿ, ಸಣ್ಣ ಮೊಳೆಗಳನ್ನು ಬದಿಗೆ ಸರಿಸಿ, ಉದ್ದನೆಯವನ್ನೇ ಆರಿಸಿ ಒಂದೊಂದಾಗಿ ಅವನ ಕೈಗೆ ಕೊಡತೊಡಗಿದಳು.