ನೇತುಬಿದ್ದವನ ಕೈಗಳು

ಡ್ರೈಯರ್ ನಿಂತಿತು, ಅಂದರೆ ಪರದೆಯ ಆಚೆ ಯಾರದೋ ಕೂದಲು ಒಣಗಿತು, ಇನ್ನು ಸ್ವಲ್ಪ ಹೊತ್ತು ಪಿಸುಮಾತಿನಲ್ಲೇ ಆಡಬೇಕು, ಇಲ್ಲದಿದ್ದರೆ ಪಾರ್ಲರಿನವಳಿಗೂ ಅವಳ ಗಿರಾಕಿಗೂ ನಮ್ಮ ಮನೆಯ ಕಥೆ ಬಿಟ್ಟಿ ಮನರಂಜನೆ — ಆದರೆ ಅತ್ತಿಗೆ ಪಿಸುಗುಟ್ಟುವವರಲ್ಲ, ಇಡೀ ದಿನ ಹೊಲಿಗೆ ಯಂತ್ರಗಳ ಗದ್ದಲದಲ್ಲಿ ಮಾತಾಡಿ ಪಳಗಿದ ಗಂಟಲು ಅದು, ಬಂದವರೇ ಎದುರಿನ ಕುರ್ಚಿಯಲ್ಲಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನೋಡು ಪುಟ್ಟಿ, ಇವತ್ತು ನಾನು ನಿನ್ನ ಅತ್ತಿಗೆ ಅಲ್ಲ, ಗಿರಾಕಿ, ಬೇರೆಯವರಿಗೆ ಹೇಗೆ ಹೇಳ್ತೀಯೋ ಹಾಗೇ ಹೇಳು ಎಂದರು, ನಾನು ನಕ್ಕೆ, ಮನೆಯವರಿಗೆ ಕಾರ್ಡು ನೋಡಿ ಭವಿಷ್ಯ ಹೇಳೋದಿಲ್ಲ ಅತ್ತಿಗೆ, ಡಾಕ್ಟರೂ ಮನೆಯವರ ಹೊಟ್ಟೆಗೆ ಕತ್ತರಿ ಹಾಕಲ್ಲ, ಎಂದೆ, ಡಾಕ್ಟರ ಜೊತೆ ನಿನ್ನ ಹೋಲಿಸಿಕೋಬೇಡ, ಸುಮ್ಮನೆ ಕಲಸು, ಎಂದರು, ಕಲಸಿದೆ, ಅಂಚು ಸವೆದು ಮೆತ್ತಗಾದ ಕಾರ್ಡುಗಳು, ನನ್ನ ಬೆರಳುಗಳಿಗಿಂತ ಹೆಚ್ಚು ಜನರ ಬೆವರು ಕುಡಿದವು. ಇವನ್ನು ನಾನು ನಂಬುತ್ತೇನೆಯೇ ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ, ಬಡಿಸುವವನನ್ನು ನಿನಗೆ ಹಸಿವಿದೆಯಾ ಎಂದು ಯಾರು ಕೇಳುತ್ತಾರೆ. ಪ್ರಶ್ನೆ ಕೇಳಿ ಎಂದೆ, ಗೊತ್ತಿರುವ ಪ್ರಶ್ನೆಯೇ, ಆದರೂ ಗಿರಾಕಿ ಬಾಯಿಬಿಟ್ಟು ಕೇಳಬೇಕು, ಅದು ಪದ್ಧತಿ, ಅತ್ತಿಗೆ ಕೇಳಿದರು, ಕೆಲಸ ಒಪ್ಪಿಕೊಂಡು ಮಗಳನ್ನ ಕರ್ಕೊಂಡು ಹೋಗಲಾ, ಇಲ್ಲಾ ನಿಮ್ಮಣ್ಣನಿಗೋಸ್ಕರ ಇನ್ನೂ ಕಾಯಲಾ.

ಕೆಲಸ ಬೇರೆ ಊರಿನ ಬಟ್ಟೆ ಕಾರ್ಖಾನೆಯಲ್ಲಿ, ಕತ್ತರಿಸುವ ವಿಭಾಗಕ್ಕೆ ಮೇಲ್ವಿಚಾರಕಿ, ಇರಲು ಮನೆ, ಪಕ್ಕದಲ್ಲೇ ಶಾಲೆ, ಇಂಥದ್ದು ಇನ್ನೊಮ್ಮೆ ಬರುವುದಿಲ್ಲ, ಅಣ್ಣ ಬರುವುದಿಲ್ಲ ಎಂದಿದ್ದಾನೆ, ಎಂದಿದ್ದಾನೆ ಎನ್ನುವುದೂ ಹೆಚ್ಚಾಯಿತು, ಇಲ್ಲವೆಂದು ತಲೆಯಾಡಿಸಿದ್ದಾನೆ, ಅತ್ತಿಗೆ ಹೋದರೆ ಅವನು ನನ್ನ ಮನೆಗೆ ಬರುತ್ತಾನೆ, ಬೇರೆ ಯಾರಿದ್ದಾರೆ, ನನ್ನದು ಎರಡು ಕೋಣೆ ಒಂದು ಕಿಟಕಿ, ಆ ಕಿಟಕಿ ಇನ್ನು ಅವನದು. ನನಗೆ ಅದು ಬೇಡ. ಅತ್ತಿಗೆಗೂ ಇದು ಗೊತ್ತಿದೆ, ಗೊತ್ತಿದ್ದೂ ನನ್ನ ಹತ್ತಿರವೇ ಬಂದಿದ್ದಾರೆ, ಊರಲ್ಲಿ ಬೇರೆ ಕಾರ್ಡಿನವರಿಲ್ಲವೇ — ಒಂದು ಆರಿಸಿ, ನೀವೇ ಮಗುಚಿ ಎಂದೆ, ಎಲ್ಲರಿಗೂ ಹೇಳುವ ಹಾಗೆ ಪುಸ್ತಕದ ಹಾಳೆ ಮಗುಚಿದ ಹಾಗೆ ಮಗುಚಿ ಎಂದು ಹೇಳಬೇಕಿತ್ತು, ಮರೆತೆ, ಅತ್ತಿಗೆ ಇಸ್ತ್ರಿ ಮೇಜಿನ ಮೇಲೆ ಕಾಲರ್ ಮಗುಚುವವರು, ತಮ್ಮ ಕಡೆಯ ಅಂಚು ಹಿಡಿದು ನನ್ನ ಕಡೆಗೆ ಎತ್ತಿ ಹಾಕಿದರು, ಪಟ್ಟನೆ, ಒಂದೇ ಏಟಿಗೆ. ನೇತುಬಿದ್ದವನು ಬಂದ. ಬರದೆ ಇರುತ್ತಾನೆಯೇ, ಇಷ್ಟು ಕಾರ್ಡುಗಳಲ್ಲಿ ಅವನಿಗೇ ಅವಸರ.

ಚಿತ್ರದಲ್ಲಿ ಹಸಿ ಮರದ ಕಂಬ, ಕಡಿದು ನಿಲ್ಲಿಸಿದ್ದರೂ ಎಲೆ ಚಿಗುರಿದೆ, ಅದರಿಂದ ಒಂದು ಕಾಲಿಗೆ ಹಗ್ಗ, ತಲೆ ಕೆಳಗೆ, ಇನ್ನೊಂದು ಕಾಲು ಮಡಿಸಿ ಅದರ ಹಿಂದೆ, ಕೈಗಳು ಬೆನ್ನ ಹಿಂದೆ, ತಲೆಯ ಸುತ್ತ ಹಳದಿ ಬೆಳಕು, ಮುಖದಲ್ಲಿ ನೋವಿಲ್ಲ, ಇದು ಶಿಕ್ಷೆಯಲ್ಲ, ಅವನೇ ಒಪ್ಪಿಕೊಂಡ ಬಿಡುವು, ಲೋಕವನ್ನು ಬೇರೆ ಕಡೆಯಿಂದ ನೋಡುತ್ತಿದ್ದಾನೆ, ತಾಳ್ಮೆ, ತ್ಯಾಗ, ಕಾಯಿರಿ — ಇದನ್ನು ನಾನು ನಿದ್ದೆಗಣ್ಣಲ್ಲೂ ಹೇಳಬಲ್ಲೆ, ಪರೀಕ್ಷೆಗೆ ಕಾಯುವವರಿಗೆ, ಗಂಡನಿಗೆ ಕಾಯುವವರಿಗೆ, ಮನೆ ಖಾಲಿ ಮಾಡದ ಬಾಡಿಗೆದಾರನಿಂದ ಬೇಸತ್ತವರಿಗೆ. ಉಲ್ಟಾ ಬಂದರೆ ಅದರ ವಿರುದ್ಧ, ಕಾದದ್ದು ಸಾಕು, ಹೊರಡಿ. ಅತ್ತಿಗೆ ಮಗುಚಿದ ರೀತಿಗೆ ಅವನು ಉಲ್ಟಾ ಬಿದ್ದಿದ್ದಾನೆ, ನನ್ನ ಕಡೆಯಿಂದ ನೋಡಿದರೆ ಒಂಟಿಕಾಲಲ್ಲಿ ನಿಂತಿದ್ದಾನೆ, ಎದುರಿಂದ ನೋಡುವ ಅತ್ತಿಗೆಗೆ ಮಾತ್ರ ನೇತಾಡುತ್ತಿದ್ದಾನೆ. ಹೀಗಾದಾಗ ನನ್ನದೊಂದು ನಿಯಮವಿದೆ, ಮಗುಚಿದ್ದು ಕೈಯ ತಪ್ಪು, ಕಾರ್ಡಿನ ತಪ್ಪಲ್ಲ, ಹಾಳೆಯ ಹಾಗೆ ಮಗುಚಿದ್ದರೆ ಹೇಗೆ ಬರುತ್ತಿತ್ತೋ ಹಾಗೆ ಒಂದು ಬೆರಳಲ್ಲಿ ತಿರುಗಿಸಿ ಸರಿಮಾಡಿ ಆಮೇಲೆ ಓದುತ್ತೇನೆ, ಸರಿಮಾಡಿದರೆ ನನ್ನ ಕಡೆಗೆ ನೇತಾಡುತ್ತಾನೆ, ಅರ್ಥ, ಕಾಯಿರಿ ಅತ್ತಿಗೆ, ಹೋಗಬೇಡಿ. ನಿಯಮವೂ ನನ್ನ ಸ್ವಾರ್ಥವೂ ಇಷ್ಟು ಚೆನ್ನಾಗಿ ಕೈಹಿಡಿದು ನಡೆದದ್ದನ್ನು ನಾನು ಎಂದೂ ನೋಡಿಲ್ಲ. ಬೆರಳು ಕಾರ್ಡಿನ ಮೇಲಿತ್ತು, ಅಷ್ಟರಲ್ಲಿ ಅತ್ತಿಗೆ ಬಗ್ಗಿ, ಇದು ಅವರೇ ಅಲ್ವಾ ಎಂದರು, ಧ್ವನಿ ಇಳಿದಿತ್ತು, ಇವರಿಗೂ ಪಿಸುಗುಟ್ಟಲು ಬರುತ್ತದೆ.

ಅವನೇ. ಅಣ್ಣ ಎತ್ತರದ ಕಟ್ಟಡಗಳ ಗಾಜು ಒರೆಸುತ್ತಿದ್ದ, ಮೇಲೆ ಚಾವಣಿಯಲ್ಲಿ ಒಬ್ಬ ಹಗ್ಗದ ಗಂಟು ಕಾಯುತ್ತಾನೆ, ಕೆಳಗೆ ಇವನು ಹಗ್ಗದಲ್ಲಿ ಕೂತು ಬಕೆಟ್ಟು ಬ್ರಷ್ಷಿನೊಂದಿಗೆ ಇಳಿಯುತ್ತಾನೆ, ಒಂದು ದಿನ ಸೊಂಟದ ಪಟ್ಟಿ ಜಾರಿತು, ಕಾಲು ಹಗ್ಗಕ್ಕೆ ಸಿಕ್ಕಿಕೊಂಡಿತು, ಯಾವುದೋ ಆಫೀಸಿನ ಕಿಟಕಿಯ ಹೊರಗೆ ತಲೆಕೆಳಗಾಗಿ ನೇತಾಡಿದ, ಒಳಗಿದ್ದವರು ಫೋಟೋ ತೆಗೆದರು, ಕೊನೆಗೆ ಇಳಿಸಿದರು, ಮೂಳೆ ಮುರಿದಿರಲಿಲ್ಲ, ಪಾದದ ಬಳಿ ಸ್ವಲ್ಪ ಚರ್ಮ ಸುಲಿದಿತ್ತು ಅಷ್ಟೇ, ಏನೂ ಆಗಿಲ್ಲ ಎಂದರು ಡಾಕ್ಟರು, ಊರೆಲ್ಲ ತಲೆಕೆಳಗಾಗಿತ್ತು ಕಣೇ, ನಾನೊಬ್ಬನೇ ನೆಟ್ಟಗಿದ್ದೆ ಎಂದ ಅಣ್ಣ, ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಅದು ಅವನ ಕೊನೆಯ ತಮಾಷೆ ಎಂದು ಗೊತ್ತಿದ್ದರೆ ಇನ್ನೊಂದಿಷ್ಟು ನಗುತ್ತಿದ್ದೆವೋ ಏನೋ. ಆಮೇಲೆ ಕೆಲಸಕ್ಕೆ ಹೋಗಲಿಲ್ಲ, ನಾಳೆ ಹೋಗ್ತೀನಿ ಎನ್ನುತ್ತಿದ್ದವನು ಅದನ್ನೂ ಬಿಟ್ಟ, ಕಿಟಕಿಯ ಮುಂದೆ ನಿಲ್ಲುತ್ತಾನೆ, ಬೈಯುವುದಿಲ್ಲ, ಕುಡಿಯುವುದಿಲ್ಲ, ಹಾಕಿದ್ದು ಉಣ್ಣುತ್ತಾನೆ, ಮಗಳು ಅಪ್ಪಾ ಎಂದರೆ ಹೂಂ ಎನ್ನುತ್ತಾನೆ, ಬೆನ್ನು ನಮ್ಮ ಕಡೆ, ಕೈಗಳು ಬೆನ್ನ ಹಿಂದೆ. ಮೊನ್ನೆ ಆ ಮಗು ನನ್ನ ಸೆರಗು ಎಳೆದು, ಅತ್ತೆ, ಅಪ್ಪನ ಮುಖ ಹೇಗಿದೆ ನೆನಪೇ ಆಗಲ್ಲ, ಬೆನ್ನು ಮಾತ್ರ ನೆನಪಾಗುತ್ತೆ ಎಂದಿತು, ನಾನು ಹುಚ್ಚಿ ಎಂದು ತಲೆ ಸವರಿ ಕಳಿಸಿದೆ. ಇಲ್ಲಿ ಕಾರ್ಡಿನಲ್ಲಿ ಮುಖ ಕಾಣುತ್ತದೆ, ಕೈ ಕಾಣುವುದಿಲ್ಲ, ಅಲ್ಲಿ ಮನೆಯಲ್ಲಿ ಕೈ ಕಾಣುತ್ತದೆ, ಮುಖ ಕಾಣುವುದಿಲ್ಲ.

ನೇತಾಡ್ತಿದ್ದಾನೆ, ಹಾಗಾದ್ರೆ ಕಾಯಬೇಕು ಅಂತ ತಾನೇ, ಎಂದರು ಅತ್ತಿಗೆ, ಚೀಲದ ಹಿಡಿ ಹಿಡಿದುಕೊಂಡರು, ನಾನೇನೂ ಮಾಡಬೇಕಿರಲಿಲ್ಲ, ಸುಮ್ಮನಿದ್ದಿದ್ದರೆ ಸಾಕಿತ್ತು, ಅವರು ಎದ್ದು ಹೋಗಿ ಆ ಕಾರ್ಖಾನೆಗೆ ಇಲ್ಲ ಎಂದು ಬಿಡುತ್ತಿದ್ದರು, ಆಚೆ ಪಾರ್ಲರಿನವಳು ಕೆಮ್ಮಿದಳು, ಕೇಳಿಸಿಕೊಳ್ಳುತ್ತಿದ್ದಾಳೆ, ಕೇಳಲಿ — ನಾನು ಬೆರಳಿಟ್ಟು ಕಾರ್ಡನ್ನು ತಿರುಗಿಸಿದೆ, ನಿಯಮದ ಪ್ರಕಾರವೇ ತಿರುಗಿಸಿದೆ, ಅವನ ತಲೆ ನನ್ನ ಕಡೆಗೆ ಇಳಿಯಿತು, ಈಗ ನನಗೆ ನೇತಾಡುತ್ತಿದ್ದಾನೆ, ಓದುವವಳು ನಾನು, ಅರ್ಥ ನನ್ನ ಕಡೆಯದ್ದು, ಬಾಯಿ ತೆರೆದು ಕಾಯಿರಿ ಎನ್ನುವುದಷ್ಟೇ ಬಾಕಿ, ಬಾಯಿ ತೆರೆದೆ, ನಿಮ್ಮ ಕಡೆಯಿಂದ ನೋಡಿ ಅತ್ತಿಗೆ ಎಂದೆ. ನೋಡಿದರು. ನಿಂತಿದ್ದಾನೆ, ಎಂದರು. ಹೂಂ, ಹೊರಡಿ ಅಂತ ಅರ್ಥ, ಎಂದೆ, ಇಷ್ಟು ವರ್ಷದ ಕಸುಬಿನಲ್ಲಿ ಇಂಥ ತಪ್ಪು ಓದು ಓದಿರಲಿಲ್ಲ, ಕಲಿಸಿದವರು ಕೇಳಿದ್ದರೆ ಕಾರ್ಡು ಕಿತ್ತುಕೊಳ್ಳುತ್ತಿದ್ದರು. ಅವರು ಯಾರ ಹತ್ತಿರ ಇರ್ತಾರೆ, ಎಂದರು ಅತ್ತಿಗೆ. ನನ್ನ ಹತ್ತಿರ, ಮತ್ತೆಲ್ಲಿಗೆ ಹೋಗ್ತಾನೆ, ನಮ್ಮ ಮನೆ ಕಿಟಕಿ ಮುರಿದು ಹೋಗಲ್ಲ, ಎಂದೆ. ಅಳುತ್ತಾರೆಂದುಕೊಂಡೆ, ಅಳಲಿಲ್ಲ, ಮತ್ತೆ ಕಾರ್ಡಿನ ಮೇಲೆ ಬಗ್ಗಿದರು, ಇವನ ಕೈ ಕಟ್ಟಿದ್ದಾರಾ ಎಂದರು. ಕಟ್ಟಿರ್ತಾರೆ, ಎಲ್ಲರಿಗೂ ಹಾಗೇ ಹೇಳ್ತೀನಿ, ಎಂದೆ. ಹಗ್ಗ ಎಲ್ಲಿ ಕಾಣ್ತಿದೆ, ಎಂದರು. ಬೆನ್ನ ಹಿಂದೆ ಇರುತ್ತೆ, ಅದಕ್ಕೇ ಕಾಣಲ್ಲ, ಎಂದೆ. ಅತ್ತಿಗೆ ಎದ್ದು ನಿಂತು, ನಾನು ದಿನಾ ಬೆನ್ನ ಹಿಂದಿನಿಂದಾನೇ ನೋಡ್ತೀನಲ್ಲ ಪುಟ್ಟಿ, ಎಂದರು, ಯಾರೂ ಕಟ್ಟಿಲ್ಲ.

ಪರದೆ ಅಲುಗಾಡಿ ನಿಂತಿತು, ಅವರ ಚಪ್ಪಲಿ ಮೆಟ್ಟಿಲಿಳಿಯಿತು, ಡ್ರೈಯರ್ ಮತ್ತೆ ಶುರುವಾಯಿತು, ಮುಂದಿನ ಗಿರಾಕಿ ಬರುವ ಮೊದಲು ಕಾರ್ಡು ಎತ್ತಿಡಬೇಕು, ಮನೆಗೆ ಹೋಗಿ ಕಿಟಕಿಯ ಮುಂದಿನ ಪೆಟ್ಟಿಗೆ ಸರಿಸಬೇಕು, ಅವನಿಗೆ ನಿಲ್ಲಲು ಜಾಗ ಬೇಕು, ಮಂಚ ಗೋಡೆಯ ಕಡೆಗೆ ಎಳೆದರೆ ಆದೀತು, ಆದರೆ ಕೈ ಕಾರ್ಡಿನ ಮೇಲೆಯೇ ಇದೆ, ಅದನ್ನು ಎತ್ತಿ ಹಿಂಬದಿ ನೋಡಿದೆ, ನೀಲಿ ಚೌಕಗಳು, ಎಲ್ಲ ಕಾರ್ಡುಗಳಿಗೂ ಇರುವಂಥವೇ, ಬೆನ್ನಿಲ್ಲ, ಕೈಯಿಲ್ಲ, ನಾನೇನು ಹುಡುಕುತ್ತಿದ್ದೇನೆ, ಅತ್ತಿಗೆಯ ಮನೆಗೆ ಹೋದಾಗಲೆಲ್ಲ ನೋಡಿದ್ದೇನಲ್ಲ, ಕಾಫಿ ಕುಡಿಯುತ್ತ, ಮಗುವಿನ ಜಡೆ ಹೆಣೆಯುತ್ತ, ನೋಡಿಯೂ ನೋಡದ ಹಾಗೆ, ಕಿಟಕಿಯ ಬೆಳಕು, ಅಂಗಿಯ ಬೆನ್ನು, ಅದರ ಮೇಲೆ ಎರಡು ಕೈಗಳು, ಹಗ್ಗವಿಲ್ಲ, ಗಂಟಿಲ್ಲ, ಎಡಗೈಯ ಮಣಿಕಟ್ಟನ್ನು ಅವನ ಬಲಗೈ ಹಿಡಿದಿದೆ, ಬೆರಳ ಗಿಣ್ಣುಗಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದಿದೆ, ಅವನ ಬಲಗೈಯೇ.