ಮಾಮು ತಿಂದ ಸುತ್ತು

ನನ್ನ ಓಟದ ಒಂದು ಸುತ್ತನ್ನು ನನ್ನ ಸೋದರಮಾವ ತಿಂದುಬಿಟ್ಟರು. ಇದು ಮಾತಿನ ಅಲಂಕಾರವಲ್ಲ. ಹಲ್ಲಿನಿಂದ ಅಗಿದು, ಗಂಟಲಿಗೆ ಇಳಿಸಿ, ನಿಜವಾಗಿಯೂ ತಿಂದರು. ಅದಾದ ಮೇಲೆ ಒಂದು ವರ್ಷ ನಾನು ಅವರೊಂದಿಗೆ ಮಾತಾಡಲಿಲ್ಲ. ಎದುರುಬದುರು ಮನೆ, ಒಂದೇ ಗಲ್ಲಿ, ಮೂರು ಹೆಜ್ಜೆ ದೂರ. ಆದರೂ ಮಾತಾಡಲಿಲ್ಲ.

ಮೊಳಕಾಲ್ಮೂರಿನಲ್ಲಿ ಪ್ರತಿ ಜನವರಿ ಇಪ್ಪತ್ತಾರಕ್ಕೆ ಒಂದು ಯುವಕ ಸಂಘದವರು ಹತ್ತು ಕಿಲೋಮೀಟರ್ ಓಟ ಇಡುತ್ತಿದ್ದರು. ಮೈದಾನಕ್ಕೆ ಇಪ್ಪತ್ತೈದು ಸುತ್ತು. ಮೊದಲ ಮೂವರನ್ನು ದಾವಣಗೆರೆಯ ದೊಡ್ಡ ಓಟಕ್ಕೆ ಕಳಿಸುವುದು, ನಾಲ್ಕನೆಯವನ ಕೈಗೆ ಎರಡು ಬಾಳೆಹಣ್ಣು ಕೊಟ್ಟು ಬೆನ್ನು ತಟ್ಟುವುದು. ವಯಸ್ಸು ಇಪ್ಪತ್ತೈದು ಮೀರಿರಬಾರದು. ಸಂಘದವರ ಹತ್ತಿರ ಗಂಟೆಯಿಲ್ಲ, ಬೋರ್ಡಿಲ್ಲ. ಕಾಗದದ ಮೇಲೆ ಗೀಟು ಎಳೆದುಕೊಂಡು ಕೂತಿರುತ್ತಿದ್ದರು, ಓಟ ಮುಗಿಯುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಆದ್ದರಿಂದ ಪ್ರತಿ ಓಟಗಾರನೂ ಸುತ್ತು ಎಣಿಸಿ ಕೂಗಿ ಹೇಳಲು ತನ್ನವರೊಬ್ಬರನ್ನು ಕರೆತರಬೇಕು. ಎಣಿಸುವವರಿಲ್ಲದಿದ್ದರೆ ಓಟವಿಲ್ಲ. ಓಡುವವನೇ ಎಣಿಸಿಕೊಳ್ಳಬಾರದೇ ಎಂದು ಕೇಳುವವರು ಒಮ್ಮೆ ಓಡಿ ನೋಡಲಿ. ಹದಿನೈದು ದಾಟಿದ ಮೇಲೆ ಅದು ಹದಿನಾರೋ ಹದಿನೆಂಟೋ ತಲೆಗೆ ಗೊತ್ತಾಗುವುದಿಲ್ಲ.

1999ರಲ್ಲಿ ನನಗೆ ಇಪ್ಪತ್ತಮೂರು. ಚಳ್ಳಕೆರೆಯ ಬಳ್ಳಾರಿ ರಸ್ತೆಯ ಗ್ಯಾರೇಜೊಂದರಲ್ಲಿ ಲಾರಿ ಮೆಕ್ಯಾನಿಕ್. ಎಣಿಸಲು ನಾನೇ ಶೇಕ್ಷಾವಲಿ ಮಾಮುವನ್ನು ಕರೆದೊಯ್ದೆ, ಅದು ನನ್ನ ಬುದ್ಧಿ. ಮಾಮು ಎಣ್ಣೆ ಮಿಲ್ಲಿನಲ್ಲಿ ಮೂವತ್ತು ವರ್ಷ ಶೇಂಗಾ ನೋಡಿದವರು. ಬಂದ ಚೀಲಕ್ಕೆಲ್ಲ ಕೈ ಹಾಕಿ, ಒಂದು ಬೀಜ ತೆಗೆದು, ಕಚ್ಚಿ, ಹಸಿ ಎಷ್ಟು ಎಣ್ಣೆ ಎಷ್ಟು ಎಂದು ಹೇಳುವುದೇ ಅವರ ಕೆಲಸ. ಅಂದು ಮಾಮು ಜುಬ್ಬಾದ ಜೇಬಿಗೆ ಇಪ್ಪತ್ತೈದು ಶೇಂಗಾ ಬೀಜ ಹಾಕಿಕೊಂಡರು. ನಾನು ಒಂದು ಸುತ್ತು ಮುಗಿಸಿದಂತೆ ಒಂದು ಬೀಜ ಎಸೆಯುವುದು. ಜೇಬಿನಲ್ಲಿ ಒಂದೇ ಉಳಿದಾಗ ಕಡೇ ಸುತ್ತು ಎಂದು ಕೂಗುವುದು. ಇದಕ್ಕಿಂತ ಸುಲಭದ ಕೆಲಸ ಜಗತ್ತಿನಲ್ಲಿದೆಯೇ?

ಮಾಮು "ಕಡೇ ಸುತ್ತು!" ಎಂದು ಕೂಗಿದಾಗ ನಾನು ಮೂರನೆಯವನಾಗಿದ್ದೆ. ಇದ್ದಬದ್ದ ಶಕ್ತಿಯನ್ನೆಲ್ಲ ಕಾಲಿಗೆ ಹಾಕಿದೆ. ಇಬ್ಬರನ್ನೂ ಹಿಂದೆ ಹಾಕಿ, ಗೆರೆ ದಾಟಿ, ಎರಡೂ ಕೈ ಎತ್ತಿ, ನೆಲಕ್ಕೆ ಬಿದ್ದೆ. ಸಂಘದವರು ಆಗ ಬಾಯಿ ಬಿಟ್ಟರು. "ಏಳಪ್ಪ, ಇನ್ನೂ ಒಂದು ಐತೆ!" ಎದ್ದೆ. ಕಾಲು ಏಳಲಿಲ್ಲ. ಹೇಗೋ ಎಳೆದುಕೊಂಡು ಹೋಗಿ ನಾಲ್ಕನೆಯವನಾದೆ. ಮಾಮುವಿನ ಹತ್ತಿರ ಬಂದು ನೋಡಿದರೆ, ಬಿಳಿ ಗಡ್ಡದಲ್ಲಿ ಶೇಂಗಾದ ಕೆಂಪು ಸಿಪ್ಪೆ ಅಂಟಿಕೊಂಡಿತ್ತು.

"ಒಂದು ಬಾಯಿಗೆ ಹೋಯ್ತು ಅನ್ಸುತ್ತೆ ಬೇಟಾ. ಕೈ ತಾನಾಗೇ ಹೋಯ್ತು" ಎಂದರು ಮಾಮು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ನನ್ನ ತುತ್ತು ಬಾಯಿಗೇ ಹೋಯಿತು, ಮಾಮುವಿನ ಬಾಯಿಗೆ. ಆ ಎರಡು ಬಾಳೆಹಣ್ಣನ್ನು ಮೈದಾನದ ಆಚೆಗೆ ಎಸೆದು, ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತು ಊರಿಗೆ ಬಂದೆ.

ಮರುದಿನದಿಂದಲೇ ಓಡಲು ಶುರು ಮಾಡಿದೆ. ನನ್ನ ಜೊತೆ ಓಡುತ್ತಿದ್ದ ಮಾರುತೇಶ ಗೌರಸಮುದ್ರದ ಕಡೆಯವನು, ಎಪಿಎಂಸಿಯಲ್ಲಿ ಚೀಲ ಹೊರುತ್ತಿದ್ದ. ಅವನು ಬಾಗಿಲ ಹಿಂದೆ ಚೀಟಿ ಅಂಟಿಸಿದ್ದ: 'ಇಂದಿನ ಬೆವರು ನಾಳೆಯ ಹೂಮಾಲೆ.' ಜನವರಿಯ ಚಳಿಯಲ್ಲಿ, ಬೆಳಿಗ್ಗೆ ಐದಕ್ಕೆ, ಹಿಂದಿನ ದಿನವೆಲ್ಲ ಲಾರಿ ಕೆಳಗೆ ಮಲಗಿದ ಬೆನ್ನನ್ನು ಚೀಟಿ ಎಬ್ಬಿಸುತ್ತದೆಯೇ? ನನ್ನನ್ನು ಎಬ್ಬಿಸುತ್ತಿದ್ದದ್ದು ಸಿಟ್ಟು. ಕಣ್ಣು ಬಿಟ್ಟ ತಕ್ಷಣ ಆ ಕೆಂಪು ಸಿಪ್ಪೆ ನೆನಪಾಗುತ್ತಿತ್ತು. ಮೈ ಬಿಸಿಯಾಗಿ, ಕಂಬಳಿ ತಾನಾಗಿ ಜಾರುತ್ತಿತ್ತು.

ಎಪಿಎಂಸಿ ಯಾರ್ಡಿನ ಸುತ್ತ ಓಡುತ್ತಿದ್ದೆವು. ಮಿಲ್ಲುಗಳ ಹಿಂಡಿ ವಾಸನೆ ಬೆಳಗಿನ ಹೊತ್ತು ನೆಲದ ಮೇಲೇ ಕೂತಿರುತ್ತದೆ. ಆ ವಾಸನೆ ಬಂದರೆ ಮಾಮು ನೆನಪಾಗಿ ಇನ್ನೂ ಜೋರಾಗಿ ಓಡುತ್ತಿದ್ದೆ. ಚಹಾದಂಗಡಿಯವರು ದಿನಾ ಕೇಳುತ್ತಿದ್ದರು, "ಯಾಕಲೇ, ಹಿಂದೆ ಪೊಲೀಸ್ರು ಬರ್ತಾ ಅವ್ರಾ?" ಅವರ ಮೇಲೂ ಸಿಟ್ಟು. ಅಟ್ಟಿಸಿಕೊಂಡು ಬರುವ ನಾಯಿಗಳ ಮೇಲೂ ಸಿಟ್ಟು. ಭಾನುವಾರ ಮೊದಲ ಬಸ್ಸಿಗೆ ಕುದಾಪುರದ ಹತ್ತಿರ ಇಳಿದು ವರವು ಕಾವಲಿನ ಹುಲ್ಲಿನಲ್ಲಿ ಹದಿನೈದು ಹದಿನಾರು ಕಿಲೋಮೀಟರ್ ಓಡುತ್ತಿದ್ದೆವು. ಅಲ್ಲಿ ಯಾರೂ ಇಲ್ಲ, ಹುಲ್ಲು ಮತ್ತು ಗಾಳಿ. ಬೈಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಬಾಯಿ ಬಿಟ್ಟು ಮಾಮುವನ್ನು ಬೈಯುತ್ತ ಓಡುತ್ತಿದ್ದೆ.

"ಸಿಟ್ಟಲ್ಲಿ ಕೊಯ್ಕಂಡ ಮೂಗು ಆಮೇಲೆ ಬರಲ್ಲ ಕಣಲೇ" ಎಂದ ಮಾರುತೇಶ ಒಂದು ದಿನ.

"ಮೂಗಿಲ್ದಿದ್ರೂ ಓಡಬೋದು" ಎಂದೆ.

ಮಾಮು ಸುಮ್ಮನಿರಲಿಲ್ಲ. ದಿನಾ ಬೆಳಿಗ್ಗೆ ನಮಾಜಿಗೆ ಹೋಗುವಾಗ ಯಾರ್ಡಿನ ಗೇಟಿನ ಕಂಬದ ಮೇಲೆ ಒಂದು ಚೊಂಬು ನೀರಿಟ್ಟು ಹೋಗುತ್ತಿದ್ದರು. ನಾನು ಮುಟ್ಟುತ್ತಿರಲಿಲ್ಲ. ಮಾರುತೇಶ ಕುಡಿಯುತ್ತಿದ್ದ, ಕುಡಿದು ನನ್ನ ಮುಖ ನೋಡುತ್ತಿದ್ದ. ನನ್ನ ತಾಯಿ ಅಮೀನಾ ಬೀ ಅಣ್ಣನ ಪರವಾಗಿ ದಿನಾ ಹೇಳುತ್ತಿದ್ದಳು. "ಬೇಕಂತ ಮಾಡಿದ್ದಾ? ಮರೆತು ತಿಂದ್ರೆ ರೋಜಾನೇ ಮುರಿಯಲ್ಲ ಬೇಟಾ. ಅಲ್ಲಾನೇ ಮಾಫ್ ಮಾಡ್ತಾನೆ."

"ಮರೆತು ತಿಂದ್ರೆ ರೋಜಾ ಮುರಿಯಲ್ಲ ಅಮ್ಮಾ, ಓಟ ಮುರಿಯುತ್ತೆ" ಎಂದು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದೆ.

ವರ್ಷ ಕಳೆಯಿತು. ನನ್ನ ಓಟ ಎರಡು ನಿಮಿಷ ಕಡಿಮೆಯಾಗಿತ್ತು. ಈ ಸಲ ಮೂವರಲ್ಲಿ ಬರುವುದು ಖಂಡಿತ ಎಂದು ಮಾರುತೇಶನೂ ಹೇಳಿದ. ಎಣಿಸಲು ಗ್ಯಾರೇಜಿನ ಓಬಯ್ಯನನ್ನು ಗೊತ್ತು ಮಾಡಿದ್ದೆ. ಅವನಿಗೆ ಶೇಂಗಾ ತಿಂದರೆ ಪಿತ್ತ, ಅದಕ್ಕೇ ಅವನನ್ನು ಆರಿಸಿದ್ದು. ಜನವರಿ ಇಪ್ಪತ್ತಾರರ ಬೆಳಿಗ್ಗೆ ಅವನು ಬಸ್‌ಸ್ಟ್ಯಾಂಡಿಗೆ ಬರಲಿಲ್ಲ. ಅವನ ಎಮ್ಮೆ ಈಯಲು ಅದೇ ದಿನ ಹುಡುಕಿಕೊಂಡಿತ್ತಂತೆ. ಮೊಳಕಾಲ್ಮೂರಿನ ಮೈದಾನದಲ್ಲಿ ಹೆಸರು ಬರೆಯುತ್ತಿದ್ದವರು, "ಎಣಿಸೋರು ಯಾರು?" ಎಂದು ಕೇಳಿದರು. ನಾನು ಸುತ್ತ ನೋಡಿದೆ. ಮಾರುತೇಶನ ಅಣ್ಣ ಮಾರುತೇಶನಿಗೆ ಬೇಕು, ಒಬ್ಬರು ಇಬ್ಬರಿಗೆ ಎಣಿಸುವಂತಿಲ್ಲ.

"ನಾನಿದೀನಿ, ಶೇಕ್ಷಾವಲಿ ಅಂತ ಬರ್ಕಳಿ" ಎಂಬ ಧ್ವನಿ ಹಿಂದಿನಿಂದ ಬಂತು. ಮಾಮು ನನಗೆ ಹೇಳದೆ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದರು.

ಬೇಡ ಎನ್ನಲು ಬಾಯಿ ತೆರೆದೆ. ಬೇಡ ಎಂದರೆ ಓಟವೇ ಇಲ್ಲ. ಮಾಮು ನನ್ನ ಮುಖ ನೋಡಿ, ಮನೆಯ ಮಾತಾದ ಉರ್ದುವಿನಲ್ಲಿ ಮೆಲ್ಲಗೆ ಹೇಳಿದರು, "ಇವತ್ತು ರೋಜಾ ಇಟ್ಟಿದೀನಿ ಬೇಟಾ. ಬಾಯಿಗೆ ಏನೂ ಹೋಗಲ್ಲ."

ಈದ್ ಮುಗಿದು ಎರಡು ವಾರ ದಾಟಿತ್ತು. ಬೇರೆಯವರು ಬಿರಿಯಾನಿ ಅರಗಿಸಿಕೊಳ್ಳುತ್ತಿರುವಾಗ ಈ ಮನುಷ್ಯ ನನ್ನ ಸುತ್ತುಗಳಿಗಾಗಿ ಉಪವಾಸ ಕೂತಿದ್ದರು. ಕರಗಬೇಕಿತ್ತು. ಕರಗಲಿಲ್ಲ. ಮರೆತು ತಿಂದರೆ ಮುರಿಯದ ರೋಜಾ ತಾನೇ ಎಂದುಕೊಂಡೆ, ಅವರ ಜುಬ್ಬಾದ ಜೇಬನ್ನು ದುರುಗುಟ್ಟಿ ನೋಡಿ ಗೆರೆಗೆ ಹೋಗಿ ನಿಂತೆ.

ಓಟ ಶುರುವಾಯಿತು. ಮೊದಲ ಹತ್ತು ಸುತ್ತು ಹಗುರವಾಗಿ ಹೋದವು. ಮುಂದೆ ರಾಂಪುರದ ಒಬ್ಬ, ಆಮೇಲೆ ಮಾರುತೇಶ, ಮೂರನೆಯವನು ನಾನು. ನನ್ನ ಹಿಂದೆ ತಳಕಿನ ಒಬ್ಬ ಉದ್ದಕಾಲಿನವನು ಅಂಟಿಕೊಂಡಿದ್ದ. ಮಾಮು ಗೆರೆಯ ಪಕ್ಕದಲ್ಲೇ ನಿಂತು, ಪ್ರತಿ ಸುತ್ತಿಗೂ ಒಂದು ಬೀಜ ತೆಗೆದು ಕಾಲ ಬಳಿ ಹಾಸಿದ್ದ ಕರವಸ್ತ್ರದ ಮೇಲೆ ಇಡುತ್ತಿದ್ದರು. ಹದಿನೈದು ದಾಟಿತು. ಆಮೇಲೆ ನನ್ನ ಲೆಕ್ಕ ಕೆಟ್ಟಿತು. ಇಪ್ಪತ್ತೊಂದೋ ಇಪ್ಪತ್ತೆರಡೋ, ಬಿಸಿಲು ನೆತ್ತಿಗೆ ಹತ್ತಿತ್ತು.

"ಕಡೇ ಸುತ್ತು! ಮುಜಾಮಿಲ್, ಕಡೇ ಸುತ್ತು!"

ಮಾಮುವಿನ ಕಡೆ ತಿರುಗಿದೆ. ಅವರ ದವಡೆ ಆಡುತ್ತಿತ್ತು. ಗಡ್ಡ ಮೇಲೆ ಕೆಳಗೆ ಹೋಗುತ್ತಿತ್ತು. ಅಗಿಯುತ್ತಿದ್ದಾರೆ! ರೋಜಾ ಇಟ್ಟವರು, ಈ ವರ್ಷವೂ, ಎಲ್ಲರೆದುರಿಗೆ! ಸಿಟ್ಟಿಗೆ ಕಣ್ಣು ಮಂಜಾಯಿತು. ಒಮ್ಮೆ ಮೋಸಹೋದೆ, ಇನ್ನೊಮ್ಮೆ ಹೋಗುವವನಲ್ಲ ನಾನು. ಇನ್ನೂ ಎರಡು ಸುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡು ಅದೇ ವೇಗದಲ್ಲಿ ಓಡಿದೆ. ಮುಂದೆ ಮಾರುತೇಶ ತಲೆ ತಗ್ಗಿಸಿ ಜೋರು ಮಾಡಿದ. ಅವಸರಗೇಡಿ ಎಂದುಕೊಂಡೆ. ಆಚೆ ಬದಿಯಲ್ಲಿ ತಳಕಿನವನು ನನ್ನನ್ನು ದಾಟಿದ. ಹೋಗು, ಮುಂದಿನ ಸುತ್ತಿನಲ್ಲಿ ಸಾಯುತ್ತೀಯ ಎಂದುಕೊಂಡು ದಾರಿ ಬಿಟ್ಟೆ. ನಿಜವಾಗಿಯೂ ಬದಿಗೆ ಸರಿದು ದಾರಿ ಬಿಟ್ಟೆ.

ಗೆರೆ ದಾಟಿದರು, ಮೂವರೂ ಬಿದ್ದರು. ಆಗಲೂ ನನಗೆ ಅರ್ಥವಾಗಲಿಲ್ಲ. ಅವರ ಮೇಲೆ ಹಾರಿದಂತೆ ಹೋಗಿ, ಈಗ ಬಂತು ನನ್ನ ಕಡೇ ಸುತ್ತು ಎಂದು ಜೋರು ಹಿಡಿದೆ. ಜೀವಮಾನದಲ್ಲಿ ಅಂಥ ಓಟ ಓಡಿಲ್ಲ. ಜನ ಕೂಗುತ್ತಿದ್ದರು, ನಗುತ್ತಿದ್ದರು. ನನ್ನನ್ನೇ ಹುರಿದುಂಬಿಸುತ್ತಿದ್ದಾರೆ ಎಂದುಕೊಂಡೆ. ಅರ್ಧ ಸುತ್ತು ಕಳೆದಾಗ ಮೈದಾನದ ನಡುವಿನಿಂದ ಅಡ್ಡ ಹಾಯ್ದು ಬಂದ ಮಾಮು, ಎರಡೂ ಕೈ ಚಾಚಿ ನನ್ನ ದಾರಿಗೇ ನಿಂತರು. ಡಿಕ್ಕಿ ಹೊಡೆದು ಇಬ್ಬರೂ ಧೂಳಿನಲ್ಲಿ ಕೂತೆವು.

"ಮುಗೀತು ಬೇಟಾ" ಎಂದರು ಮಾಮು.

"ನೀವು ತಿಂತಿದ್ರಿ! ನಾನೇ ನೋಡ್ದೆ, ಬಾಯಿ ಆಡ್ತಿತ್ತು!"

ಮಾಮು ನನ್ನ ತೋಳು ಹಿಡಿದು ಎಬ್ಬಿಸಿ, ಗೆರೆಯ ಹತ್ತಿರ ಎಳೆದುಕೊಂಡು ಹೋದರು. ಕರವಸ್ತ್ರದ ಮೇಲೆ ಬೀಜಗಳು ಐದೈದರ ಸಾಲಿನಲ್ಲಿದ್ದವು. ನಾಲ್ಕು ಸಾಲು ತುಂಬಿ, ಐದನೆಯದರಲ್ಲಿ ನಾಲ್ಕು. ಜೇಬಿಗೆ ಕೈ ಹಾಕಿ ಉಳಿದ ಒಂದನ್ನು ತೆಗೆದು ಅಲ್ಲಿಟ್ಟರು. ಇಪ್ಪತ್ತೈದು. ಮಾಮು ಮನೆಯವರೊಂದಿಗೆ ಉರ್ದು ಬಿಟ್ಟರೆ ಬೇರೆ ಆಡುವುದಿಲ್ಲ. ಸಿಟ್ಟು ನೆತ್ತಿಗೇರಿದಾಗ ಮಾತ್ರ ಮಿಲ್ಲಿನ ಕನ್ನಡ ಬರುತ್ತದೆ. ಆ ಕನ್ನಡ ನನ್ನ ಮೇಲೆ ಬಂದದ್ದು ಅದೇ ಮೊದಲು.

"ದುವಾ ಮಾಡ್ತಿದ್ದೆ ಕಣಲೇ, ನೀನು ಗೆಲ್ಲಲಿ ಅಂತ! ನನ್ನ ಬಾಯಿ ನಾನು ಕಟ್ಕಂಡು ಬಂದೆ. ನಿನ್ನ ಕಿವಿ ಯಾರು ಕಟ್ಟಿದ್ರಲೇ?"

ಸಂಘದವರು ಎರಡು ಬಾಳೆಹಣ್ಣು ತಂದು ಕೈಗಿತ್ತರು. ಕಾಲಿನಲ್ಲಿ ಇನ್ನೂ ಓಟ ಉಳಿದಿತ್ತು, ಅದೇ ನಾಚಿಕೆ. ಸೋತು ಬಿದ್ದಿದ್ದರೆ ಮರ್ಯಾದೆಯಾದರೂ ಇರುತ್ತಿತ್ತು.

ಸಂಜೆ ವಾಪಸು ಬರುವಾಗ ಬಸ್ಸಿನಲ್ಲಿ ಮಾಮು ಬೇರೆ ಸೀಟಿನಲ್ಲಿ ಕೂತರು. ತಳಕಿನಲ್ಲಿ ಬಸ್ಸು ನಿಂತಾಗ ಹೊತ್ತು ಮುಳುಗಿತ್ತು. ಒಂದು ಬಾಳೆಹಣ್ಣನ್ನು ಅವರ ಕಡೆ ಚಾಚಿದೆ. ಅದರತ್ತ ನೋಡಲೂ ಇಲ್ಲ. ಬಾಟಲಿಯ ನೀರು ಕುಡಿದು ರೋಜಾ ಬಿಟ್ಟು, ಕಿಟಕಿಯ ಕಡೆ ತಿರುಗಿದರು.

ಮರುದಿನ ಬೆಳಿಗ್ಗೆ ಎಚ್ಚರವಾಯಿತು, ಏಳಲಾಗಲಿಲ್ಲ. ಕೆಂಪು ಸಿಪ್ಪೆಯನ್ನು ನೆನಪಿಸಿಕೊಂಡೆ, ಮೈ ಬಿಸಿಯಾಗಲಿಲ್ಲ. ನನ್ನ ಮೇಲೆಯೇ ಸಿಟ್ಟು ಮಾಡಿಕೊಂಡು ನೋಡಿದೆ. ತನ್ನ ಮೇಲಿನ ಸಿಟ್ಟು ಎಬ್ಬಿಸುವುದಿಲ್ಲ, ಕಂಬಳಿಯನ್ನು ಇನ್ನಷ್ಟು ಮೇಲಕ್ಕೆ ಎಳೆಯುತ್ತದೆ. ಇನ್ನೊಂದೇ ವರ್ಷ, ಆಮೇಲೆ ವಯಸ್ಸು ಮೀರುತ್ತದೆ. ಮೀರಲಿ, ಲಾರಿಗಳಿವೆ, ಸ್ಪ್ಯಾನರುಗಳಿವೆ, ಸಾಕು ಎಂದುಕೊಂಡೆ.

ಬಾಗಿಲು ದಡಬಡ ಬಡಿದ ಸದ್ದಾಯಿತು.

"ಲೇ ಮುಜಾಮಿಲ್! ಎದ್ದೇಳಲೇ!" ಮಿಲ್ಲಿನ ಕನ್ನಡ, ಗಲ್ಲಿಗೆಲ್ಲ ಕೇಳುವಂತೆ. "ಇನ್ನೊಂದ್ ವರ್ಷ ಐತೆ ನಿಂಗೆ. ಇಪ್ಪತ್ತೈದು ಹಾಕ್ಬೇಕು ಇವತ್ತು. ನಾನೇ ಎಣಿಸ್ತೀನಿ. ನಂಬಾದಿದ್ರೆ ನಂಬು, ಇಲ್ದಿದ್ರೆ ಬಿಡು!"

ಈ ಹೊತ್ತಿನಲ್ಲಿ, ಹೀಗೆ ಮಾನ ಕಳೆಯಲು ಇವರಿಗೆ ಅಧಿಕಾರ ಕೊಟ್ಟವರು ಯಾರು? ಕಂಬಳಿ ಒದ್ದು ಎದ್ದೆ. ಅಮ್ಮ ಒಲೆಯ ಮುಂದೆ ಕೂತು ನಗು ತಡೆದುಕೊಳ್ಳುತ್ತಿದ್ದಳು. ಅವಳ ಮೇಲೂ ರೇಗಿ, ಬೂಟಿನ ದಾರ ಕಟ್ಟುತ್ತ ಹೊರಟೆ.

ಯಾರ್ಡಿನ ಗೇಟಿನ ಕಂಬದ ಮೇಲೆ ಚೊಂಬು ಇತ್ತು. ಪಕ್ಕದಲ್ಲಿ ಮಾಮು ಮುಖ ಗಂಟಿಕ್ಕಿ ನಿಂತಿದ್ದರು, ಒಂದು ಕೈ ಜೇಬಿನಲ್ಲಿ. ನಾನು ಓಡಿದೆ, ಅವರು ಒಂದೊಂದೇ ಬೀಜ ತೆಗೆದರು. ಎಂದಿನಂತೆ ಹದಿನೈದರ ಆಚೆಗೆ ನನ್ನ ಲೆಕ್ಕ ತಪ್ಪಿತು. ಬೆಳಕು ಹರಿದು, ಹಮಾಲರು ಒಬ್ಬೊಬ್ಬರೇ ಬರತೊಡಗಿದಾಗ ಮಾಮು ಕೂಗಿದರು.

"ಕಡೇ ಸುತ್ತು!"

ನನ್ನ ಅಂದಾಜಿನಲ್ಲಿ ಇನ್ನೂ ಎರಡು ಬಾಕಿಯಿದ್ದವು. ತಿರುಗಿ ನೋಡಿದೆ. ಅಂದು ಅವರಿಗೆ ರೋಜಾ ಇರಲಿಲ್ಲ. ದವಡೆ ಆಡುತ್ತಿತ್ತು.

"ಏನು ಅಗೀತಿದೀರಾ ಮಾಮು?"

"ಓಡಲೇ!"

ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದುಕೊಂಡು, ಕಾಲಿನಲ್ಲಿ ಒಂದು ಚೂರೂ ಉಳಿಸಿಕೊಳ್ಳದೆ ಓಡಿದೆ.